ಖಾಲಿ ಬಸ್ಸಿನ ಲೆಕ್ಕ

ಆಫೀಸಿನಲ್ಲಿ ಎಲ್ಲರೂ ಅವಳನ್ನು ಜ್ಯೋತಿಷಿ ಎಂದೇ ಕರೆಯುತ್ತಿದ್ದರು. ಕೈ ನೋಡಿ ಮದುವೆ ಹೇಳುವ ಪೈಕಿಯಲ್ಲ, ಬಸ್ಸುಗಳ ಭವಿಷ್ಯ ಹೇಳುವ ಪೈಕಿ. ಇನ್ನು ಹತ್ತು ವರ್ಷಕ್ಕೆ ಈ ಊರಿನಲ್ಲಿ ಯಾರು ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ, ಅವರನ್ನು ಹೊರಲು ಎಷ್ಟು ಬಸ್ಸು ಬೇಕು, ಆ ಬಸ್ಸುಗಳ ಹೊಟ್ಟೆಗೆ ಎಷ್ಟು ಡೀಸೆಲ್ಲು, ಎಷ್ಟು ಕರೆಂಟು ಬೇಕು ಎಂದು ಕಂಪ್ಯೂಟರಿನ ಮುಂದೆ ಕೂತು ಅಂದಾಜು ಕಟ್ಟುವುದು ಅವಳ ಕೆಲಸ. ಬಸ್ ಸಂಸ್ಥೆಯ ಹಳೆಯ ಡಿಪೋದ ಮಹಡಿಯಲ್ಲಿ, ಟೈರು ಗೋದಾಮಿನ ಪಕ್ಕದ ಕೋಣೆಯಲ್ಲಿ ಅವಳ ಮೇಜು. ಕಿಟಕಿ ತೆರೆದರೆ ಹೊಗೆ, ಮುಚ್ಚಿದರೆ ಸೆಖೆ. ಕ್ಯಾಂಟೀನಿನವನು ಟೀ ತಂದಿಟ್ಟಾಗಲೆಲ್ಲ, "ಅಕ್ಕಾ, ನನ್ನ ಮೊಣಕಾಲು ನೋವು ಯಾವಾಗ ಹೋಗುತ್ತೆ ಅಂತ ಅದರಲ್ಲೇ ಸ್ವಲ್ಪ ನೋಡಿ" ಎನ್ನುತ್ತಿದ್ದ. "ನಿನ್ನ ಮೊಣಕಾಲು ಡೀಸೆಲ್ ಕುಡಿಯುತ್ತಾ? ಕುಡಿದ್ರೆ ಹೇಳ್ತೀನಿ" ಎಂದು ಅವಳು ತಿರುಗಿಸಿ ಕೊಡುತ್ತಿದ್ದಳು.

ಅವಳನ್ನು ಈ ಕೋಣೆಗೆ ಕರೆತಂದವರು ಆಗ ಇಲ್ಲಿನ ಅಂದಾಜು ಕೆಲಸ ನೋಡಿಕೊಳ್ಳುತ್ತಿದ್ದ ಉಪ್ಪಿನ ಸಾಹೇಬರು. ಗಣಿತದಲ್ಲಿ ಪದವಿ ಮುಗಿಸಿಕೊಂಡು, ಬೇರೆಲ್ಲೂ ಕೆಲಸ ಸಿಗದೆ, ಬಸ್ ಪಾಸು ಕೊಡುವ ಕಿಟಕಿಯ ಹಿಂದೆ ರಬ್ಬರ್ ಸ್ಟಾಂಪು ಒತ್ತುತ್ತ ಕೂತಿದ್ದಳು ಆಗ. ಸಾಲಿನಲ್ಲಿ ಎಷ್ಟು ಜನ ನಿಂತಿದ್ದಾರೆ, ಕಿಟಕಿ ಮುಚ್ಚುವ ಹೊತ್ತಿಗೆ ಎಷ್ಟು ಜನ ಉಳಿಯುತ್ತಾರೆ ಎಂದು ತಲೆಯಲ್ಲೇ ಲೆಕ್ಕ ಹಾಕಿ ಹೇಳುವ ಅವಳ ಚಟ ಅವರ ಕಣ್ಣಿಗೆ ಬಿತ್ತು. ಯಾರ ಶಿಫಾರಸೂ ಇಲ್ಲದೆ ಮೇಲಕ್ಕೆ ಕರೆಸಿಕೊಂಡರು. "ಮೊದಲು ಜನ, ಆಮೇಲೆ ಬಸ್ಸು, ಕೊನೆಗೆ ಎಣ್ಣೆ. ಈ ಕ್ರಮ ತಪ್ಪಬೇಡಮ್ಮ" ಎನ್ನುವುದು ಅವರ ಮೊದಲ ಪಾಠ. ಜನರ ಓಡಾಟದಿಂದ ಬಸ್ಸುಗಳ ಓಟ ತೆಗೆಯಬೇಕು, ಓಟದಿಂದ ಇಂಧನ ತೆಗೆಯಬೇಕು. ಎಲ್ಲ ಮುಗಿದು ಉತ್ತರ ಬಂದ ಮೇಲೆ ಅವರು ಅಡುಗೆಯವರ ಹಾಗೆ ಹಿಂದಕ್ಕೆ ಸರಿದು ನಿಂತು, "ಈಗ ಚೂರು ಉಪ್ಪು ಹಾಕು" ಎನ್ನುತ್ತಿದ್ದರು. ಅಂದರೆ ಬಂದ ಉತ್ತರಕ್ಕೆ ಮೇಲಿಂದ ಸ್ವಲ್ಪ ಸೇರಿಸು ಎಂದು. ಯಾತಕ್ಕೆ ಸಾರ್ ಎಂದು ಕೇಳಿದರೆ, "ಹಾಕು ಅಂದ್ರೆ ಹಾಕಮ್ಮ" ಅಷ್ಟೇ. ಆ ಉಪ್ಪಿನಿಂದಲೇ ಅವರಿಗೆ ಆ ಹೆಸರು. ಅವರು ನಿವೃತ್ತರಾಗುವವರೆಗೂ ಅವಳು ಕಾರಣ ಗೊತ್ತಿಲ್ಲದೆಯೇ ಉಪ್ಪು ಹಾಕಿದಳು.

ಆಮೇಲೆ ಕಾಲ ಬದಲಾಯಿತು. ಸಂಸ್ಥೆ ಡೀಸೆಲ್ ಬಸ್ಸುಗಳನ್ನು ಬಿಟ್ಟು ಕರೆಂಟಿನ ಬಸ್ಸುಗಳಿಗೆ ಹೊರಳಲು ಹೊರಟಿತು. ಊರ ನಡುವಿನ ಡಿಪೋದಲ್ಲಿ ಜಾಗ ಸಾಲದೆಂದು, ಊರಾಚೆ, ಇಟ್ಟಿಗೆ ಗೂಡುಗಳನ್ನೂ ದಾಟಿ, ಹೊಸ ಡಿಪೋ ಏಳತೊಡಗಿತು. ಅಲ್ಲಿಗೆ ಎಷ್ಟು ದೊಡ್ಡ ವಿದ್ಯುತ್ ಲೈನು ಎಳೆಯಬೇಕು ಎಂದು ಹೇಳಬೇಕಾದವಳು ಜ್ಯೋತಿಷಿ. ಯೋಜನಾ ವಿಭಾಗದ ಮುಖ್ಯಸ್ಥೆ ಮೇಡಂ ಅವಳ ಮೇಲೆ ಪೂರ್ತಿ ಭಾರ ಹಾಕಿದ್ದರು. ಉಪ್ಪಿನ ಸಾಹೇಬರ ಕುರ್ಚಿ ಇನ್ನೂ ಖಾಲಿ ಇತ್ತು. ಈ ಕೆಲಸ ಸರಿಯಾಗಿ ಮುಗಿದರೆ ಅದು ಅವಳದೇ ಎಂದೂ ಸೂಚಿಸಿದ್ದರು.

ಅವಳು ಹಗಲಿಡೀ ಕೂತು ಕಂಪ್ಯೂಟರಿನ ಲೆಕ್ಕದ ಮಾದರಿಯನ್ನು ಹೊಸದಾಗಿ ಕಟ್ಟಿದಳು. ಟಿಕೆಟ್ ಯಂತ್ರಗಳ ಮಾಹಿತಿ ತಂದಳು, ಹೊಸ ಬಸ್ಸನ್ನು ಮೊದಲ ನಿಲ್ದಾಣದಿಂದ ಕೊನೆಯ ನಿಲ್ದಾಣದವರೆಗೆ ಓಡಿಸಿ ಎಷ್ಟು ಕರೆಂಟು ತಿನ್ನುತ್ತದೆ ಎಂದು ಅಳೆದಳು. ಕೊನೆಗೆ ಉಪ್ಪಿನ ಸಾಲಿಗೆ ಬಂದಾಗ ಅವಳ ಬೆರಳು ನಿಂತಿತು. ಕಾರಣ ಹೇಳಲಾಗದ ಅಂಕಿ ನನ್ನ ಲೆಕ್ಕದಲ್ಲಿ ಯಾಕಿರಬೇಕು ಎಂದುಕೊಂಡು ಅಳಿಸಿಬಿಟ್ಟಳು. ಡೀಸೆಲ್ ಕಾಲದಲ್ಲಾಗಿದ್ದರೆ ಡಿಪೋದ ಬಂಕಿನ ಮೀಟರು ವರ್ಷದ ಕೊನೆಗೆ ನಿಜಕ್ಕೂ ಖರ್ಚಾದ ಎಣ್ಣೆ ತೋರಿಸಿ, ಕಿವಿ ಹಿಂಡಿ ಬುದ್ಧಿ ಹೇಳುತ್ತಿತ್ತು. ಕರೆಂಟಿನ ಬಸ್ಸಿಗೆ ಹಿಂದಿನ ವರ್ಷ ಎನ್ನುವುದೇ ಇರಲಿಲ್ಲವಲ್ಲ, ಕೇಳುವವರು ಯಾರು?

ಮನೆಗೆ ಹೋಗಿ ಜಂಬದಿಂದ ಹೇಳಿಕೊಂಡಳು. ಗಂಡ ದರ್ಜಿ. ಹೊಲಿಗೆ ಯಂತ್ರದಿಂದ ತಲೆ ಎತ್ತದೆಯೇ, "ಒಳಗೆ ಒಂದು ಬೆರಳಷ್ಟು ಬಟ್ಟೆ ಬಿಡದೆ ನಾನಂತೂ ಕತ್ತರಿ ಹಾಕಲ್ಲಪ್ಪ" ಎಂದ.

"ಬಸ್ಸೇನು ಅಂಗೀನಾ ರೀ, ಆಮೇಲೆ ಬಿಚ್ಚಿ ಸಡಿಲ ಮಾಡೋಕೆ?"

"ಅದಕ್ಕೇ ಹೇಳ್ದೆ" ಎಂದು ಅವನು ಮತ್ತೆ ಪೆಡಲು ತುಳಿಯತೊಡಗಿದ. ಅವಳು ಆ ಮಾತಿಗೆ ಸೊಪ್ಪು ಹಾಕಲಿಲ್ಲ.

ಮೇಡಂ ವರದಿ ಓದಿ ಬೆನ್ನು ತಟ್ಟಿದರು. ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿತು. ಲೈನಿಗೆ ಬೇಕಾದ ಕೇಬಲ್ಲು, ಟ್ರಾನ್ಸ್‌ಫಾರ್ಮರು ತರಿಸುವುದೊಂದು ಬಾಕಿ. ಆ ವಾರ ಅವಳು ಹೊಸ ಡಿಪೋ ಹೇಗೆ ಏಳುತ್ತಿದೆ ನೋಡೋಣವೆಂದು ಹೋದಳು. ಗೋಡೆಗಳಿಗೆ ಇನ್ನೂ ನೀರು ಹಾಕುತ್ತಿದ್ದರು. ಪರೀಕ್ಷೆಗೆಂದು ತಂದಿದ್ದ ಕರೆಂಟಿನ ಬಸ್ಸೊಂದು ಊರಿಗೆ ಹೊರಟಿತ್ತು, ಅದನ್ನೇ ಹತ್ತಿದಳು. ಚಾಲಕ ಸಂಭಾವಿತ, ತನ್ನಷ್ಟಕ್ಕೆ ಹಾಡು ಗುನುಗುತ್ತಿದ್ದ. ಇಡೀ ಬಸ್ಸಿನಲ್ಲಿ ಅವಳೊಬ್ಬಳೇ. ಕಾಲು ಚಾಚಿ ಕೂತು, ಎಷ್ಟು ಆರಾಮ ಅಂದುಕೊಂಡಳು. ಇಟ್ಟಿಗೆ ಗೂಡು ದಾಟಿತು, ಗುಜರಿ ಅಂಗಡಿಗಳ ಸಾಲು ದಾಟಿತು, ಸೇತುವೆ ದಾಟಿತು. ಮೊದಲ ನಿಲ್ದಾಣ ಇನ್ನೂ ಬರಲೊಲ್ಲದು. ಹೊತ್ತು ಕಳೆಯಲು ಅವಳ ಚಟ ಶುರುವಾಯಿತು: ಈ ಬಸ್ಸು ನನ್ನ ಮಾದರಿಯಲ್ಲಿ ಈಗ ಎಲ್ಲಿದೆ?

ಎಲ್ಲೂ ಇರಲಿಲ್ಲ. ಚಾಚಿದ ಕಾಲು ಮಡಿಸಿ ನೆಟ್ಟಗೆ ಕೂತಳು. ಅವಳ ಲೆಕ್ಕದಲ್ಲಿ ಬಸ್ಸು ಹುಟ್ಟುವುದೇ ಜನರಿಂದ. ಜನರಿಲ್ಲದ ಬಸ್ಸು ಓಡುವುದೇ ಇಲ್ಲ, ಕರೆಂಟು ತಿನ್ನುವುದೂ ಇಲ್ಲ. ಡಿಪೋದಿಂದ ಬೆಳಿಗ್ಗೆ ಮೊದಲ ನಿಲ್ದಾಣಕ್ಕೆ ಖಾಲಿ ಬರುವ ಓಟ, ರಾತ್ರಿ ಖಾಲಿ ಹಿಂದಿರುಗುವ ಓಟ, ಯಾವುದೂ ಅದರೊಳಗಿರಲಿಲ್ಲ. ಹಳೆಯ ಡಿಪೋ ಊರ ನಡುವೆಯೇ ಇದ್ದುದರಿಂದ ಆ ಓಟ ಚಿಕ್ಕದು. ಸಾಹೇಬರ ಒಂದು ಚಿಟಿಕೆ ಉಪ್ಪು ಅದನ್ನು ಸದ್ದಿಲ್ಲದೆ ಹೊಟ್ಟೆಗೆ ಹಾಕಿಕೊಂಡಿತ್ತು. ಹೊಸ ಡಿಪೋಗೆ ಚಿಟಿಕೆ ಎಲ್ಲಿ ಸಾಕು, ಹಿಡಿಯೇ ಬೇಕು. ಅವಳು ಚಿಟಿಕೆಯನ್ನೂ ತೆಗೆದು ಕೈ ತೊಳೆದುಕೊಂಡಿದ್ದಳು.

ಆಫೀಸಿಗೆ ಬಂದು ಖಾಲಿ ಓಟ ಸೇರಿಸಿ ಲೆಕ್ಕ ಹಾಕಿದಳು. ಒಪ್ಪಿಗೆಯಾದ ಲೈನು ಸಾಲುತ್ತಿರಲಿಲ್ಲ. ಬೆಳಗಾಗುವುದರೊಳಗೆ ಎಲ್ಲ ಬಸ್ಸುಗಳಿಗೂ ಕರೆಂಟು ತುಂಬುವುದಿಲ್ಲ; ಮೊದಲ ಸರದಿಯ ಬಸ್ಸುಗಳು ಡಿಪೋದಲ್ಲೇ ನಿಲ್ಲುತ್ತವೆ. ಆ ಬಸ್ಸು ಹತ್ತುವವರು ಯಾರೆಂದು ಅವಳಿಗೆ ಅಂಕಿಯಿಂದ ತಿಳಿಯಬೇಕಾಗಿರಲಿಲ್ಲ. ಅವಳ ಅಮ್ಮ ಆಸ್ಪತ್ರೆಯಲ್ಲಿ ನೆಲ ಒರೆಸುತ್ತಿದ್ದವಳು. ಡಾಕ್ಟರುಗಳು ಬರುವುದರೊಳಗೆ ವಾರ್ಡು ಶುಚಿಯಾಗಿರಬೇಕು, ತಡವಾದರೆ ಆ ದಿನದ ಕೂಲಿ ಇಲ್ಲ. ಮೊದಲ ಬಸ್ಸಿನಿಂದಲೇ ಅವರ ಮನೆಯ ಒಲೆ ಉರಿದಿತ್ತು, ಅವಳು ಓದಿದ್ದಳು. ಬಾಯಿ ಬಿಟ್ಟರೆ ಕುರ್ಚಿ ಹೋಗುತ್ತದೆ, ಒಪ್ಪಿಗೆ ಕೊಟ್ಟ ಮೇಡಂ ತಲೆ ತಗ್ಗಿಸಬೇಕಾಗುತ್ತದೆ. ಸುಮ್ಮನಿದ್ದರೆ ಮೊದಲ ಬಸ್ಸು ಹೋಗುತ್ತದೆ.

ಮೊದಲು ಉಪ್ಪಿನ ಸಾಹೇಬರಿಗೆ ಫೋನು ಮಾಡಿದಳು. "ಸಾರ್, ತಪ್ಪಾಯ್ತು. ನಿಮ್ಮ ಉಪ್ಪು ಯಾತಕ್ಕೆ ಅಂತ ಇವತ್ತು ಗೊತ್ತಾಯ್ತು" ಎಂದು ಎಲ್ಲವನ್ನೂ ಒದರಿದಳು.

ಅತ್ತ ಕಡೆಯಿಂದ ಸಾಹೇಬರು ಜೋರಾಗಿ ನಕ್ಕರು. "ಅದಕ್ಕಾ ಅದು? ನಂಗೂ ಗೊತ್ತಿರಲಿಲ್ಲ ಕಣಮ್ಮ. ನನಗಿಂತ ಮುಂಚೆ ಇದ್ದೋರು ಹಾಕ್ತಿದ್ರು, ನಾನೂ ಹಾಕ್ದೆ. ತೆಗೆಯೋಕೆ ಧೈರ್ಯ ಬರಲಿಲ್ಲ. ನೀನು ಕೇಳಿದಾಗೆಲ್ಲ ಏನು ಹೇಳೋದಪ್ಪಾ ಅಂತ ಬೆವರು ಬರ್ತಿತ್ತು."

ಇಷ್ಟು ವರ್ಷ ಗುರುವೆಂದು ಎತ್ತರದಲ್ಲಿ ಕೂರಿಸಿದ್ದವರು ಹೀಗೆ ದೊಪ್ಪನೆ ಕೆಳಗಿಳಿದಾಗ ಅವಳಿಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಸ್ಟಾಂಪು ಒತ್ತುತ್ತಿದ್ದವಳನ್ನು ಕೈ ಹಿಡಿದು ಮೇಲೆ ತಂದ ಆ ಮನುಷ್ಯನ ಮೇಲೆ ಪ್ರೀತಿ ಇನ್ನಷ್ಟು ಹೆಚ್ಚಿತು. "ನೀವು ಕರೆತರದೆ ಇದ್ದಿದ್ರೆ ನಾನು ಈ ತಪ್ಪು ಮಾಡೋಕೂ ಲಾಯಕ್ಕಾಗ್ತಿರಲಿಲ್ಲ ಸಾರ್" ಎಂದಳು.

"ಹೋಗಿ ಹೇಳಿಬಿಡು" ಎಂದರು ಅವರು. "ಬೈದ್ರೆ ಬೈಸ್ಕೊ. ನನ್ನ ಪಾಲಿಂದೂ ಸೇರಿಸಿ ಬೈಸ್ಕೊ."

ಮೇಡಂ ಎಲ್ಲ ಕೇಳಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಮಂಡಳಿ ಮುಂದೆ ಏನಂತ ಹೇಳೋದು?"

"ಖಾಲಿ ಬಸ್ಸು ಮರೆತೆ ಅಂತ, ಮೇಡಂ."

"ನೀವು ಮರೆತಿರಿ ಸರಿ. ವರದಿ ಓದಿದೋಳು ನಾನೂ ಮರೆತಿದ್ದೆ" ಎಂದರು ಮೇಡಂ. ಮಂಡಳಿಯ ಮುಂದೆ ಅವರು ಅಂದದ್ದೂ ಅಷ್ಟನ್ನೇ. ತಪ್ಪನ್ನು ಅವಳೊಬ್ಬಳ ತಲೆಗೆ ಕಟ್ಟಲಿಲ್ಲ. ವಿದ್ಯುತ್ ಕಂಪನಿಯ ಎಂಜಿನಿಯರು ಕೆಂಡ ಕಾರಿದ. ಮಂಡಳಿಯವರೊಬ್ಬರು, ಭವಿಷ್ಯ ಹೇಳುವವರಿಗೆ ಡಿಪೋದ ಬಾಗಿಲು ಕಾಣಲಿಲ್ಲವೇ ಎಂದು ಚುಚ್ಚಿದರು. ಅವಳು ನೆಲ ನೋಡಿಕೊಂಡು ನಿಂತಳು. ಕೊನೆಗೆ ದೊಡ್ಡ ಲೈನೇ ಮಂಜೂರಾಯಿತು. ಕುರ್ಚಿ ಮಾತ್ರ ಬೇರೆ ವಿಭಾಗದ ಒಬ್ಬರಿಗೆ ಹೋಯಿತು. ಸಂಕಟವಾಗಲಿಲ್ಲ ಎಂದರೆ ಸುಳ್ಳು. ಆದರೆ ತನ್ನ ಪರವಾಗಿ ಯಾರಾದರೂ ಹಾಗೆ ನಿಂತದ್ದನ್ನು ಅವಳು ಅದುವರೆಗೆ ಕಂಡಿರಲಿಲ್ಲ. ಮೆಟ್ಟಿಲಿಳಿಯುವಾಗ ಮೇಡಂಗೆ ಥ್ಯಾಂಕ್ಸ್ ಹೇಳಲು ಹೋಗಿ, "ಮೇಡಂ, ಟೀ ಕುಡೀತೀರಾ?" ಎಂದಷ್ಟೇ ಕೇಳಿದಳು. ಇಬ್ಬರೂ ಕ್ಯಾಂಟೀನಿಗೆ ಹೋಗಿ ಕುಡಿದರು.

ಸಂಜೆ ಮನೆಯಲ್ಲಿ ಅಮ್ಮ ಅಳಿಯನ ಅಂಗಡಿಯ ಅಂಗಿಗಳಿಗೆ ಗುಂಡಿ ಹಚ್ಚುತ್ತ ಕೂತಿದ್ದಳು. ಅವಳು ಪಕ್ಕದಲ್ಲಿ ಕೂತು ನಡೆದದ್ದನ್ನೆಲ್ಲ ಹೇಳಿದಳು. "ಖಾಲಿ ಬಸ್ಸು ಅನ್ನೋದೊಂದು ಇರುತ್ತೆ ಅಂತಲೇ ತಲೆಗೆ ಹೋಗಲಿಲ್ಲ ನೋಡಮ್ಮ."

"ನಿನ್ನ ತಲೆಗೆ ಹೇಗೆ ಹೋಗುತ್ತೆ? ನೀನು ನಿದ್ದೆ ಮಾಡ್ತಿದ್ದೆ" ಎಂದಳು ಅಮ್ಮ.

"ಅಂದ್ರೆ?"

"ಹಳೇ ಡಿಪೋ ಹಿಂದಿನ ಬೀದೀಲಿ ತಾನೇ ನಮ್ಮ ಮನೆ ಇದ್ದಿದ್ದು? ಮೊದಲ ಸ್ಟಾಪು ಮಾರ್ಕೆಟ್ ಹತ್ರ. ನಿನ್ನ ಬಿಟ್ಟು ಹೋಗೋಕೆ ಯಾರೂ ಇರಲಿಲ್ಲ. ಬೆಳಗಿನ ಚಳೀಲಿ ನಿನ್ನ ಹೆಗಲ ಮೇಲೆ ಹಾಕ್ಕೊಂಡು ಅಷ್ಟು ದೂರ ನಡೀತಿದ್ದೆ. ಒಂದಿನ ಡಿಪೋ ಗೇಟಿಂದ ಹೊರಗೆ ಬರ್ತಿದ್ದ ಬಸ್ಸು ನಿಲ್ತು. ಹತ್ತಮ್ಮ ಅಂದ ಡ್ರೈವರು. ಆಮೇಲೆ ದಿನಾ ನಿಲ್ಲಿಸ್ತಿದ್ದ. ಟಿಕೆಟ್ಟೂ ಇಲ್ಲ, ಏನೂ ಇಲ್ಲ. ಖಾಲಿ ಬಸ್ಸು. ನಾನೂ ನೀನೂ ಇಬ್ರೇ. ನೀನು ಸ್ಕೂಲಿಗೆ ಸೇರೋವರೆಗೂ ಹಾಗೇ ಹೋದ್ವಿ."

ಯಾವ ಟಿಕೆಟ್ ಯಂತ್ರಕ್ಕೂ ಸಿಗದೆ, ಯಾರ ಮಾದರಿಯೊಳಗೂ ಬಾರದೆ ಓಡಿದ ಆ ಬಸ್ಸಿನ ಋಣದಲ್ಲಿ ಅವಳು ಬೆಳೆದಿದ್ದಳು. ಕಣ್ಣೊರೆಸಿಕೊಂಡು, "ಆ ಡ್ರೈವರ್ ಹೆಸರೇನಮ್ಮ?" ಎಂದು ಕೇಳಿದಳು.

"ಕೇಳಲೇ ಇಲ್ಲ ಕಣೇ" ಎಂದಳು ಅಮ್ಮ. "ಮಾತಾಡಿದ್ರೆ ಮಗು ಏಳುತ್ತೆ ಅಂತ ಅವನೂ ಮಾತಾಡ್ತಿರಲಿಲ್ಲ."