ಮಕ್ಕಳ ಕಡತಗಳಿಗೆ ಬೀಗ ಬಿದ್ದ ವಾರ

ಕೀಲ್ಪಾಕ್‌ನ ಒಂದು ಅಡ್ಡರಸ್ತೆಯಲ್ಲಿ ನನ್ನ ಕ್ಲಿನಿಕ್ಕು. ಎರಡು ಕೋಣೆ, ಎರಡು ಕಂಪ್ಯೂಟರು. ನಾನು ನೋಡುವುದು ಫಿಟ್ಸ್ ಬರುವ ಮಕ್ಕಳನ್ನು. ಮಗುವಿನ ತೂಕ ನೋಡಿ, ಹಿಂದೆ ಎಷ್ಟು ಕೊಟ್ಟಿದ್ದೆ, ಆಮೇಲೂ ಫಿಟ್ಸ್ ಬಂತೇ ಎಂದು ನೋಡಿ, ಔಷಧವನ್ನು ಸ್ವಲ್ಪಸ್ವಲ್ಪವೇ ಏರಿಸಬೇಕು. ಎಂಟು ವರ್ಷಗಳ ಆ ವಿವರವೆಲ್ಲ ಕಂಪ್ಯೂಟರಿನಲ್ಲಿತ್ತು.

ಆ ಮಂಗಳವಾರ ಬೆಳಿಗ್ಗೆ ನಾನು ಚಪ್ಪಲಿ ಬಿಡುವ ಮೊದಲೇ ರಿಸೆಪ್ಷನ್ ನೋಡಿಕೊಳ್ಳುವ ಅಕ್ಕ ಎದ್ದು ನಿಂತರು. ತಂದೆಯ ರೈಲ್ವೆ ಕೆಲಸದಿಂದಾಗಿ ಈ ತಮಿಳು ಊರಿನಲ್ಲೇ ನೆಲೆಯೂರಿದ ಕನ್ನಡ ಮನೆಯವರು. ನನಗಿಂತ ಹಿರಿಯರು. ಕ್ಲಿನಿಕ್ ತೆರೆದ ದಿನದಿಂದಲೂ ಜೊತೆಗಿದ್ದಾರೆ.

"ಡಾಕ್ಟರಮ್ಮಾ, ಒಂದು ಫೈಲೂ ಓಪನ್ ಆಗ್ತಾ ಇಲ್ಲ. ಹೆಸರೆಲ್ಲಾ ಏನೇನೋ ಆಗಿದೆ. ಸೀಕ್ರಮಾ, ಬೇಗ ಬಂದು ನೋಡಿ."

ಪ್ರತಿ ಮಗುವಿನ ಹೆಸರಿನ ಕೊನೆಗೆ ಓದಲಾಗದ ಅಕ್ಷರಗಳ ಬಾಲ. ನಡುವೆ ಇಂಗ್ಲಿಷಿನಲ್ಲಿ ಒಂದು ಪತ್ರ: ನಿಮ್ಮ ಕಡತಗಳಿಗೆ ಬೀಗ ಹಾಕಿದ್ದೇವೆ, ಬಿಡಿಸಿಕೊಳ್ಳಬೇಕಾದರೆ ಹಣ ಕೊಡಿ, ಇಲ್ಲದಿದ್ದರೆ ಮೂರು ದಿನಗಳ ಮೇಲೆ ಎಲ್ಲವನ್ನೂ ಲೋಕಕ್ಕೆ ತೋರಿಸುತ್ತೇವೆ. ಕೆಳಗೆ ಹಿಮ್ಮುಖವಾಗಿ ಓಡುತ್ತಿದ್ದ ಗಡಿಯಾರ.

ನಮ್ಮ ಕಂಪ್ಯೂಟರುಗಳನ್ನು ನೋಡಿಕೊಳ್ಳುವವರು ಪಲ್ಲಾವರಂನಲ್ಲಿದ್ದಾರೆ. ಫೋನ್ ಮಾಡಿದ ಕೂಡಲೇ, "ಮೊದಲ್ಲ ನೆಟ್ ವಯರ ಪುಡುಂಗುಂಗ ಮೇಡಂ!" ಎಂದು ಕೂಗಿದರು. ಮೇಜಿನ ಕೆಳಗೆ ಬಗ್ಗಿ ವೈರ್ ಕಿತ್ತೆ. ಗಡಿಬಿಡಿಯಲ್ಲಿ ಮೊದಲು ಕಿತ್ತದ್ದು ಪ್ರಿಂಟರಿನದು.

ಅವರು ಬಂದು ಬ್ಯಾಕಪ್ ಎಲ್ಲಿದೆ ಎಂದು ಕೇಳಿದಾಗ ಕಂಪ್ಯೂಟರಿನ ಹಿಂದಿದ್ದ ಡಿಸ್ಕ್ ತೋರಿಸಿದೆ. ದಿನವೂ ತಾನಾಗಿಯೇ ನಕಲು ಮಾಡಿಕೊಳ್ಳುತ್ತದಲ್ಲ ಎಂದು ನಾನು ನಿಶ್ಚಿಂತಳಾಗಿದ್ದೆ. ಅವರು ಅದನ್ನು ಬಿಚ್ಚಿ ತಮ್ಮ ಯಂತ್ರದಲ್ಲಿ ನೋಡಿ ಅಡ್ಡಡ್ಡ ತಲೆಯಾಡಿಸಿದರು. ಯಾವಾಗಲೂ ಸಿಕ್ಕಿಸಿಯೇ ಇಟ್ಟಿದ್ದರಿಂದ ಅದರೊಳಗಿನ ನಕಲುಗಳಿಗೂ ಬೀಗ ಬಿದ್ದಿತ್ತು.

ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. "ಶನಿವಾರ ಸ್ಕ್ಯಾನ್ ರಿಪೋರ್ಟ್ ಅಂತ ಒಂದು ಮೇಲ್ ಬಂತು. ತೆರೆದೆ. ಒಳಗೆ ಒಂದೂ ಇರಲಿಲ್ಲ. ನನ್ನಿಂದಲೇ ಆಯ್ತು ಡಾಕ್ಟರಮ್ಮಾ."

ನಾನು ಇಲ್ಲ ಎನ್ನಲಿಲ್ಲ. ಸಮಾಧಾನದ ಒಂದು ಮಾತೂ ಆಡಲಿಲ್ಲ.

ಅಷ್ಟರಲ್ಲಿ ತಿರುವೊಟ್ಟಿಯೂರಿನಿಂದ ಒಬ್ಬ ತಾಯಿಯ ಫೋನು. ಗಂಡ ಮೀನು ಹಿಡಿಯಲು ಹೋಗುವವರು. ಮಗಳ ಸಿರಪ್ ಮುಗಿಯುತ್ತಾ ಬಂದಿದೆ, ಚೀಟಿ ನೀರಿಗೆ ಬಿದ್ದು ಹಾಳಾಗಿದೆ, ಮೊದಲಿನಷ್ಟೇ ಕೊಡಲೇ ಎಂದು ತಮಿಳಿನಲ್ಲಿ ಕೇಳಿದರು. ಕಳೆದ ಸಲ ಆ ಹುಡುಗಿಯ ಔಷಧ ಬದಲಿಸಿದ್ದು ನೆನಪಿತ್ತು. ನಾಲ್ಕು ಎಂಎಲ್ ಮಾಡಿದೆನೋ ಐದೋ ನೆನಪಿಗೆ ಬರಲಿಲ್ಲ. ಹೆಚ್ಚಾದರೆ ಮಗು ಮಂಕಾಗುತ್ತದೆ. ಕಡಿಮೆಯಾದರೆ ಫಿಟ್ಸ್ ಮರುಕಳಿಸಬಹುದು. "ಬಾಟಲಿ, ಸಿರಿಂಜು ಎರಡನ್ನೂ ತೆಗೆದುಕೊಂಡು ಮಗುವನ್ನು ಈಗಲೇ ಕರೆತನ್ನಿ" ಎಂದೆ. ನನ್ನ ಧ್ವನಿಗೆ ಅವರು ಹೆದರಿರಬೇಕು.

ಎರಡು ಬಸ್ಸು ಬದಲಿಸಿ ಬಂದರು. ಬರುವವರೆಗೆ ಉಳಿದ ಮಕ್ಕಳನ್ನು ಒಬ್ಬೊಬ್ಬರಾಗಿ ನೋಡಿದೆ. ಪ್ರತಿ ತಾಯಿಯ ಬಳಿಯೂ ಹಳೆಯ ಚೀಟಿ ಕೇಳುತ್ತಿದ್ದೆ. ಚೀಟಿ ಸಿಕ್ಕಿದರೆ ನೆಮ್ಮದಿಯ ಒಂದು ಉಸಿರು, ಸಿಗದಿದ್ದರೆ ಮತ್ತೆ ಮೊದಲಿನಿಂದ ವಿಚಾರಣೆ. ಆ ಹುಡುಗಿ ಬಂದಾಗ ತೂಕ ನೋಡಿ ಹೊಸದಾಗಿ ಲೆಕ್ಕ ಹಾಕಿದೆ. ನಾಲ್ಕೂವರೆ ಬಂತು. ತಾಯಿ ಚೀಲದಿಂದ ಸಿರಿಂಜು ತೆಗೆದರು. ಓದಲು ಬಾರದ ಆಕೆ ಕಳೆದ ಸಲ ನಾನು ಹೇಳಿದ ಅಳತೆ ತಪ್ಪದಿರಲೆಂದು ಅದರ ಮೇಲೆ ಕೆಂಪು ನೇಲ್ ಪಾಲಿಶಿನಿಂದ ಗೆರೆ ಎಳೆದಿದ್ದರು. ಗೆರೆ ಸರಿಯಾಗಿ ನಾಲ್ಕೂವರೆಯ ಮೇಲಿತ್ತು. ಆಕೆಯ ಕೈ ಹಿಡಿದುಕೊಂಡೆ. ಯಾಕೆಂದು ಅವರಿಗೆ ತಿಳಿಯಲಿಲ್ಲ.

ಗುರುವಾರ ಪಲ್ಲಾವರಂನ ಕಂಪ್ಯೂಟರಿನವರು ನನ್ನನ್ನು ಒಳಗಿನ ಕೋಣೆಗೆ ಕರೆದರು. ಕಳ್ಳರು ಬಂದದ್ದು ಅಕ್ಕ ತೆರೆದ ಮೇಲ್‌ನಿಂದಲ್ಲ ಎಂದರು. ಮನೆಯಿಂದಲೇ ರಿಪೋರ್ಟ್ ನೋಡಲೆಂದು ನಾನು ಇಂಟರ್ನೆಟ್ಟಿನಲ್ಲಿ ಹಾಕಿಸಿಕೊಂಡಿದ್ದ ದಾರಿಯೊಂದಿತ್ತು, ಅದರ ಮೂಲಕ. ಅದರ ಪಾಸ್‌ವರ್ಡ್ ನನ್ನ ಮಗಳ ಹೆಸರು ಮತ್ತು ಒಂದು, ಎರಡು, ಮೂರು.

ಎರಡು ದಿನದಿಂದ ಅಕ್ಕ ಊಟದ ಡಬ್ಬಿ ತೆರೆಯದೆಯೇ ಮನೆಗೆ ಒಯ್ಯುತ್ತಿದ್ದರು. ನಾನು ನೋಡಿಯೂ ಸುಮ್ಮನಿದ್ದೆ. ಹೊರಗೆ ಬಂದು ಅವರ ಪಕ್ಕದ ಬೆಂಚಿನ ಮೇಲೆ ಕುಳಿತೆ.

"ಅಕ್ಕ, ನಿಮ್ಮಿಂದ ಆದದ್ದಲ್ಲ. ನನ್ನಿಂದ ಆದದ್ದು."

"ಮಂಗಳವಾರವೇ ನೀವು ನನ್ನ ಮೇಲೆ ಕೂಗಿಬಿಟ್ಟಿದ್ದರೆ ಪರವಾಗಿರಲಿಲ್ಲ," ಎಂದರು ಅಕ್ಕ. "ಸುಮ್ಮನೆ ಇದ್ದಿರಿ ನೋಡಿ, ಅದನ್ನ ತಾಳಕ್ಕೆ ಆಗಲಿಲ್ಲ."

ನಾವು ಹಣ ಕೊಡಲಿಲ್ಲ. ಸೈಬರ್ ಪೊಲೀಸರಿಗೆ ದೂರು ಕೊಟ್ಟೆವು. ಹಳೆಯ ಕಂಪ್ಯೂಟರನ್ನು ಬದಲಿಸಿದಾಗ ತೆಗೆದಿಟ್ಟ ಅದರ ಡಿಸ್ಕು ಅಕ್ಕನ ಬೀರುವಿನಲ್ಲಿ ಸಿಕ್ಕಿತು. ಏಳು ತಿಂಗಳ ಹಿಂದಿನವರೆಗಿನ ವಿವರ ಅದರಿಂದ ಹಿಂತಿರುಗಿತು. ಉಳಿದದ್ದನ್ನು ತಾಯಂದಿರು ತಂದ ಚೀಟಿಗಳಿಂದ ಇಬ್ಬರೂ ಕುಳಿತು ಮತ್ತೆ ಬರೆದೆವು. ಕೆಲವು ಮಕ್ಕಳದು ಇನ್ನೂ ಖಾಲಿಯೇ ಇದೆ.

ಕಷ್ಟವಾದದ್ದು ಮನೆಗಳಿಗೆ ಹೇಳುವುದು. ವಿವರ ಕಳವಾಗಿರಬಹುದು ಎಂದು ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. ಒಬ್ಬ ತಾಯಿ ದನಿ ತಗ್ಗಿಸಿ, "ಫಿಟ್ಸ್ ವಿಷಯ ನನ್ನ ಅತ್ತೆಗೇ ಹೇಳಿಲ್ಲ ಡಾಕ್ಟರ್. ಮುಂದೆ ನನ್ನ ಮಗಳ ಮದುವೆ ಹೊತ್ತಿಗೆ ಯಾರಾದರೂ ಎತ್ತಿ ತೋರಿಸಿದರೆ?" ಎಂದು ಇಂಗ್ಲಿಷ್ ಬೆರೆಸಿದ ತಮಿಳಿನಲ್ಲಿ ಕೇಳಿದರು. ಗಡುವಿನ ಮೂರು ದಿನ ಕಳೆದ ಮೇಲೂ ಏನೂ ಹೊರಬಿದ್ದಂತೆ ಕಾಣಲಿಲ್ಲ. ಹಾಗೆಂದು ಕಳ್ಳರ ಬಳಿ ಏನೂ ಇಲ್ಲವೆಂದು ಹೇಳುವುದು ಹೇಗೆ?

ಈಗ ಡಿಸ್ಕುಗಳು ಎರಡಿವೆ. ನಕಲಾದ ಕೂಡಲೇ ಬಿಚ್ಚಿಡುತ್ತೇವೆ. ಒಂದು ಸದಾ ಕ್ಲಿನಿಕ್ಕಿನಿಂದ ಹೊರಗಿರುತ್ತದೆ. ಹೊರಗಿನಿಂದ ಒಳಬರುವ ದಾರಿ ಮುಚ್ಚಿಸಿದ್ದೇನೆ. ಪ್ರತಿ ಶುಕ್ರವಾರ ಅಕ್ಕ ನಕಲಿನಿಂದ ಯಾವುದಾದರೂ ಒಂದು ಮಗುವಿನ ಕಡತ ತೆರೆದು ನೋಡುತ್ತಾರೆ. ತೆರೆಯಲು ನಾಲ್ಕೈದು ಸೆಕೆಂಡು ಹಿಡಿಯುತ್ತದೆ. ಅಷ್ಟು ಹೊತ್ತೂ ನಾನು ಅವರ ಕುರ್ಚಿಯ ಹಿಂದೆ ನಿಂತಿರುತ್ತೇನೆ.