ಒದ್ದೆ ಕೈಯ ಚಾಕಲೇಟು

ಆಲೆಮನೆಯಲ್ಲಿ ಪಾಕ ಇಳಿಸುವವನು ಮೊದಲು ಕಲಿಯುವುದು ಕೈ ಒದ್ದೆ ಮಾಡಿಕೊಳ್ಳುವುದನ್ನು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದ್ದು ಕೆಂಪಾಗಿ, ನೊರೆ ಇಳಿದು, ದೊಡ್ಡ ಗುಳ್ಳೆ ಏಳುವ ಹೊತ್ತಿಗೆ ಬಲಗೈಯನ್ನು ತಣ್ಣೀರಿನ ಚೊಂಬಿನಲ್ಲಿ ಅದ್ದಿ, ಎರಡು ಬೆರಳಿಂದ ಪಾಕವನ್ನು ಚೂರು ಎತ್ತಿ, ಕೂಡಲೇ ಮತ್ತೆ ನೀರಿಗೆ ಅದ್ದಬೇಕು. ಒಣಗೈಯಲ್ಲಿ ಮುಟ್ಟಿದವನ ಚರ್ಮ ಕೊಪ್ಪರಿಗೆಯಲ್ಲೇ ಉಳಿಯುತ್ತದೆ. ಬೆರಳ ನಡುವೆ ಉಂಡೆ ಕಟ್ಟಿದರೆ ಇಳಿಸಬಹುದು. ಪಾಕ ಏರಿ ಹದ ಮೀರಿ ಗಟ್ಟಿಯಾಗಿಬಿಟ್ಟಿದ್ದರೆ ಒಂದಿಷ್ಟು ನೀರು ಚಿಮುಕಿಸಿ ಹಿಂದಕ್ಕೆ ಕರೆಯಬೇಕು. ಆರನೇ ಕ್ಲಾಸಿಗೆ ಶಾಲೆ ಬಿಟ್ಟು ಕಬ್ಬಿನ ಸಿಪ್ಪೆ ಹೊರಲು ಸೇರಿದ ನನಗೆ, ಪಾಕದ ಮುಂದೆ ನಿಲ್ಲುವ ಹೊತ್ತಿಗೆ ಮೀಸೆ ಬಂದಿತ್ತು. ಆಮೇಲೆ ಇಪ್ಪತ್ತಾರು ವರ್ಷ ಅದೇ ಕೆಲಸ. ತಿ. ನರಸೀಪುರದ ಕಡೆಯ ನಾಲ್ಕಾರು ಆಲೆಮನೆಯವರು ನಾನು ಬರುವ ತನಕ ಒಲೆಗೆ ಬೆಂಕಿ ಹಾಕದೆ ಕಾದದ್ದುಂಟು. ಇದನ್ನು ಬರೆಯುವಾಗ ಈಗಲೂ ಎದೆ ಸ್ವಲ್ಪ ಉಬ್ಬುತ್ತದೆ. ಎಲ್ಲ ಕೆಟ್ಟಿದ್ದು ಅದರಿಂದಲೇ.

ಆಲೆಮನೆಗಳು ಒಂದೊಂದಾಗಿ ನಿಂತವು. ಕೊನೆಯದು ನಿಂತಾಗ ನಾನು ನಂಜನಗೂಡಿನ ಬಾಡಿಗೆ ಮನೆಯಲ್ಲಿ ಕೂತೆ. ಪಕ್ಕದ ತಾಂಡ್ಯದ ಫ್ಯಾಕ್ಟರಿಗಳ ಗೇಟಿಗೆ ಹೋದರೆ ಹತ್ತನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಕೇಳಿದರು. ನನ್ನ ಹತ್ತಿರ ಇದ್ದದ್ದು ಕೈ ಮಾತ್ರ. ಆದರೆ ನನ್ನ ಹೆಂಡತಿ ಅಲ್ಲೇ ಒಂದು ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸಕ್ಕಿದ್ದಳು. ಹನ್ನೆರಡು ವರ್ಷದಿಂದ ಬೆಲ್ಟಿನ ಮುಂದೆ ನಿಂತೇ ಕೆಲಸ. ಅವಳ ಎಡಗಾಲಿನ ನರಗಳು ಹಗ್ಗದ ಹಾಗೆ ಉಬ್ಬಿ, ಹಿಮ್ಮಡಿಯ ಮೇಲೆ ಒಂದು ಹುಣ್ಣಾಗಿ, ಅದು ಒಣಗುವುದು, ಮತ್ತೆ ಒಡೆಯುವುದು, ಹೀಗೇ ನಡೆದಿತ್ತು.

"ನಿಂತ್ಕೊಂಡ್ ಮಾಡೋ ಕೆಲ್ಸ ಬಿಡ್ಬೇಕಮ್ಮ, ಇಲ್ಲಾಂದ್ರೆ ಇದು ಮಾಯೋದಿಲ್ಲ" ಎಂದರು ಆಸ್ಪತ್ರೆಯ ಡಾಕ್ಟರು.

"ಕೂತ್ಕೊಂಡ್ ಮಾಡೋ ಕೆಲ್ಸ ಯಾರ್ ಕೊಟ್ಟಾರು ಸಾ?" ಎಂದಳು ಅವಳು. ಡಾಕ್ಟರು ಚೀಟಿ ಬರೆದು ಕೊಟ್ಟು ಮುಂದಿನವರನ್ನು ಕರೆದರು.

ಆ ಕೆಲಸವನ್ನು ಅವಳೇ ಹುಡುಕಿಕೊಂಡಳು. ಊಟದ ಬಿಡುವಿನಲ್ಲಿ ಯಾರದೋ ಫೋನಿನಲ್ಲಿ ನೋಡಿದ್ದಂತೆ: ಹಣ್ಣಿನ ತುಂಡನ್ನು ಕಡ್ಡಿಗೆ ಚುಚ್ಚಿ, ಕರಗಿಸಿದ ಚಾಕಲೇಟಿನಲ್ಲಿ ಅದ್ದಿ, ಆರಲು ಬಿಡುವುದು. ಬಾಳೆಹಣ್ಣು, ಕಿತ್ತಳೆ ತೊಳೆ, ಕಪ್ಪು ದ್ರಾಕ್ಷಿ. ಮೊದಲು ನಾಲ್ಕು ಮಾಡಿ ನನಗೆ ಕೊಟ್ಟಳು. ಹಲ್ಲಿಗೆ ಕಟಕ್ಕೆಂದು ಒಡೆದು ಒಳಗೆ ತಣ್ಣಗೆ ಹಣ್ಣು ಸಿಕ್ಕಿತು. ಚೆನ್ನಾಗಿತ್ತು. ನಾನು ಮಾತ್ರ, "ಹಣ್ಣಿಗೆ ಬಣ್ಣ ಬಳಿದು ತಿನ್ನೋ ಕಾಲ ಬಂತಲ್ಲ" ಎಂದೆ. ಬೀದಿಯವರು ಹುಟ್ಟುಹಬ್ಬಕ್ಕೆ, ನಾಮಕರಣಕ್ಕೆ ಮಾಡಿಸಿಕೊಳ್ಳತೊಡಗಿದರು. ಭಾನುವಾರ ಅವಳು ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು, ಎಡಗಾಲನ್ನು ಇನ್ನೊಂದು ಮಣೆಯ ಮೇಲೆ ನೀಡಿ ಕೂರುತ್ತಿದ್ದಳು. ಅವಳು ಕೂತು ಕೆಲಸ ಮಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ತೊಳೆದ ಹಣ್ಣನ್ನು ಒಂದೊಂದಾಗಿ ಹಳೇ ಪಂಚೆಯ ಬಟ್ಟೆಯಲ್ಲಿ ಒರೆಸುತ್ತಿದ್ದಳು. "ದ್ರಾಕ್ಷಿಗೆ ತಲೆ ಒರೆಸ್ತಾ ಇದೀಯಲ್ಲಮ್ಮಿ, ನೆಗಡಿ ಆಯ್ತದಾ ಅದಕ್ಕೆ?" ಎಂದು ನಾನು ನಗಾಡಿದೆ.

"ಒಸಿ ತೇವ ಇದ್ರೂ ಹಿಡಿಯಾಕಿಲ್ಲ ಕಣ್ರೀ" ಎಂದಳು.

ಹಣ್ಣಿನ ಮೈಗೆ ಅಂಟುವುದಿಲ್ಲ ಎಂದಷ್ಟೇ ತಿಳಿದುಕೊಂಡೆ. ಇನ್ನೊಂದು ಮಾತು ಕೇಳಲಿಲ್ಲ. ಪಾಕದ ವಿಷಯದಲ್ಲಿ ನಾನು ಇನ್ನೊಬ್ಬರನ್ನು ಕೇಳುವುದೆಂದರೇನು?

ತಿ. ನರಸೀಪುರದ ಒಬ್ಬ ಅಡುಗೆ ಕಂಟ್ರಾಕ್ಟರ್ ಯಾವುದೋ ನಾಮಕರಣದಲ್ಲಿ ಇವನ್ನು ತಿಂದು ಮನೆ ಹುಡುಕಿಕೊಂಡು ಬಂದ. ಅಲ್ಲಿಯ ಕಲ್ಯಾಣ ಮಂಟಪದಲ್ಲಿ ಒಂದು ಆರತಕ್ಷತೆಗೆ ಮುನ್ನೂರು ಕಡ್ಡಿ ಬೇಕೆಂದ. ಅದು ಒಪ್ಪಿಗೆಯಾದರೆ ಆ ವರ್ಷ ಅವನು ಹಿಡಿದ ಮದುವೆಗಳಿಗೆಲ್ಲ ಇವಳದೇ ಚಾಕಲೇಟು. ಅವನು ಹೋದ ಮೇಲೆ ಇವಳು ಕೈಬೆರಳಲ್ಲಿ ಲಗ್ನದ ತಿಂಗಳುಗಳನ್ನು ಎಣಿಸಿದಳು. ಮಾರನೆಯ ದಿನ ಫ್ಯಾಕ್ಟರಿಯ ಗೆಳತಿಯೊಬ್ಬಳ ಕೈಲಿ ಕೆಲಸ ಬಿಡುವ ಪತ್ರ ಬರೆಸಿಕೊಂಡು ಬಂದು, ತಾರೀಕು ಹಾಕದೆ, ದೇವರ ಫೋಟೋದ ಹಿಂದೆ ಸಿಕ್ಕಿಸಿದಳು.

"ಇದೊಂದ್ ಆಗ್ಬುಡ್ಲಿ. ಆಮೇಲೆ ನಾನು ಆ ಫ್ಯಾಕ್ಟ್ರಿ ಬಸ್ಸು ಅತ್ತಾಕಿಲ್ಲ" ಎಂದಳು.

ಆರತಕ್ಷತೆಯ ದಿನ ಅವಳು ರಜೆ ಹಾಕಿದ್ದಳು. ವ್ಯಾನು ಮಧ್ಯಾಹ್ನ ಮೂರಕ್ಕೆ ಬರುವುದಿತ್ತು. ಕುದಿನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು, ಚಾಕಲೇಟಿನ ಗಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಕರಗಿಸಿ ಅದ್ದುತ್ತಿದ್ದಳು. ಹನ್ನೊಂದು ಗಂಟೆಗೆ ನೂರಾ ಹತ್ತು ಕಡ್ಡಿ ಆಗಿದ್ದವು. ನೋಡಿ ನೋಡಿ ನನಗೆ ತಡೆಯಲಾಗಲಿಲ್ಲ.

"ಇಂಗೆ ಚಮಚ ಚಮಚ ಕರಗಿಸ್ಕೊಂಡ್ ಕೂತ್ರೆ ಇವತ್ತಿಗೆ ಆಗಾಕಿಲ್ಲ. ಎಲ್ಲಾ ಒಟ್ಟಿಗೇ ಸುರಿ. ಕೊಪ್ಪರಿಗೆಗಟ್ಟಲೆ ಕಾಯಿಸಿದೋನು ನಾನು, ಈ ಪಾತ್ರೆ ಯಾವ ಲೆಕ್ಕ?"

ಅವಳು ಒಂದು ಗಳಿಗೆ ಯೋಚಿಸಿ, ಉಳಿದ ಗಟ್ಟಿಯನ್ನೆಲ್ಲ ದೊಡ್ಡ ಪಾತ್ರೆಗೆ ಹಾಕಿದಳು. ಆಗ ಅವಳಿಗೆ ನೆನಪಾಯಿತು, ಕಡ್ಡಿಗಳನ್ನು ತುಂಬಿ ಕಳಿಸುವ ಡಬ್ಬಿಗಳು ಸಾಲುವುದಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರದ ಅಂಗಡಿಯಿಂದ ತರಬೇಕು. ಅವಳು ನನ್ನ ಮುಖ ನೋಡಿದಳು. ಹೋಗಬೇಕಾದವನು ನಾನು. ಆದರೆ ಅವು ಗುಲಾಬಿ ಬಣ್ಣದ, ರಿಬ್ಬನ್ ಕಟ್ಟಿದ ಡಬ್ಬಿಗಳು. ಅವನ್ನು ಎದೆಗವಚಿಕೊಂಡು, ನನ್ನನ್ನು ಪಾಕದವನೆಂದು ಬಲ್ಲ ಜನರ ಮುಂದೆ ಬಜಾರಿನಲ್ಲಿ ನಡೆದು ಬರಲು ನನಗೆ ಮನಸ್ಸಾಗಲಿಲ್ಲ.

"ನೀನೇ ಓಗ್ಬಾ, ಯಾವ ಥರದ್ದು ಅಂತ ನಂಗೆ ತಿಳಿಯಾಕಿಲ್ಲ" ಎಂದೆ.

ಅವಳು ಹಿಮ್ಮಡಿಗೆ ಬಟ್ಟೆ ಸುತ್ತಿಕೊಂಡು ಎದ್ದಳು. "ಸುಮ್ನೆ ತಿರುಗಿಸ್ತಾ ಇರಿ ಸಾಕು. ಏನೂ ಮಾಡ್ಬೇಡಿ" ಎಂದು ಹೇಳಿಯೇ ಹೋದಳು.

ತಿರುಗಿಸಿದೆ. ಎಲ್ಲ ಕರಗಿ ಕನ್ನಡಿಯ ಹಾಗಾಯಿತು. ಉರಿ ಹೆಚ್ಚಾಯಿತೆನ್ನಿಸಿ ಗ್ಯಾಸು ಆರಿಸಿದೆ. ಸ್ವಲ್ಪ ಹೊತ್ತಿಗೆ ಸೌಟು ಭಾರವಾಯಿತು, ಅಂಚಿನಲ್ಲಿ ಕೆನೆ ಕಟ್ಟಿತು. ಅದು ಆರುತ್ತಿತ್ತು, ಅಷ್ಟೇ. ಮತ್ತೆ ಒಲೆ ಹಚ್ಚಿದ್ದರೆ ಮುಗಿಯುತ್ತಿತ್ತು. ನನ್ನ ತಲೆಗೆ ಮಾತ್ರ ಹೊಳೆದದ್ದು ಒಂದೇ: ಪಾಕ ಏರಿಬಿಟ್ಟಿದೆ. ಕೈ ತಾನಾಗಿಯೇ ನೀರಿನ ಚೊಂಬಿಗೆ ಹೋಯಿತು. ಒದ್ದೆ ಬೆರಳಲ್ಲಿ ಎತ್ತಿ ನೋಡಿದೆ. ಉಂಡೆ ಕಟ್ಟಲಿಲ್ಲ, ಮರಳಿನ ಹಾಗೆ ಒಡೆಯಿತು. ಬೆರಳಿಂದ ಹನಿ ಬಿದ್ದ ಕಡೆಯೆಲ್ಲ ಚಾಕಲೇಟು ಮಂಕಾಗಿ ತರಿತರಿಯಾಯಿತು. ಹಿಂದಕ್ಕೆ ಕರೆಯೋಣವೆಂದು ಒಂದು ಲೋಟ ನೀರು ಚಿಮುಕಿಸಿದೆ.

ಅಂಥದ್ದನ್ನು ನಾನು ಕಂಡಿರಲಿಲ್ಲ. ಎರಡು ಸುತ್ತು ತಿರುಗಿಸುವುದರಲ್ಲಿ ಇಡೀ ಪಾತ್ರೆ ಬಿಗಿದುಕೊಂಡಿತು, ಉತ್ತ ಎರೆಮಣ್ಣಿನ ಹೆಂಟೆಯ ಹಾಗೆ. ಗಾಬರಿಯಲ್ಲಿ ಕೆಳಗಿನ ನೀರಿನ ಪಾತ್ರೆ ತೆಗೆದು ನೇರ ಉರಿಗೇ ಇಟ್ಟೆ. ತಳ ಹಿಡಿಯಿತು. ಅವಳು ಡಬ್ಬಿಗಳ ಜೊತೆ ಬಾಗಿಲಲ್ಲಿ ನಿಂತಾಗ ಮನೆಯ ತುಂಬ ಸುಟ್ಟ ವಾಸನೆ.

"ನೀರು ಆಕಿದ್ರಾ?"

"ಪಾಕ ಏರಿತ್ತು. ಇಂದಕ್ಕೆ ಕರೆದೆ."

"ಇದು ಬೆಲ್ಲ ಅಲ್ಲ ಕಣ್ರೀ" ಎಂದಳು. ಬೈಯಲಿಲ್ಲ. ಡಬ್ಬಿಗಳನ್ನು ಕೆಳಗಿಟ್ಟು, ಸೌಟು ತೆಗೆದುಕೊಂಡು, ಆ ಹೆಂಟೆಯನ್ನು ಒಮ್ಮೆ ಒತ್ತಿ ನೋಡಿದಳು.

ಆ ಚಾಕಲೇಟಿನ ಗಟ್ಟಿ ಸಿಗುವುದು ಮೈಸೂರಿನಲ್ಲಿ. ಹೋಗಿ ಬಂದು ಅದ್ದಿ ಆರಿಸುವಷ್ಟು ಹೊತ್ತು ಉಳಿದಿರಲಿಲ್ಲ. ನಾನು ನಂಜನಗೂಡಿನ ಅಂಗಡಿಗಳನ್ನೆಲ್ಲ ಸುತ್ತಿದೆ, ಮಕ್ಕಳು ತಿನ್ನುವ ಪುಟ್ಟ ಪೊಟ್ಟಣಗಳು ಬಿಟ್ಟರೆ ಏನೂ ಸಿಗಲಿಲ್ಲ. ವಾಪಸು ಬಂದಾಗ ಕತ್ತರಿಸಿಟ್ಟ ಬಾಳೆಹಣ್ಣು ತಟ್ಟೆಯಲ್ಲಿ ಕಪ್ಪಾಗಿತ್ತು. ಕಂಟ್ರಾಕ್ಟರಿಗೆ ಇವಳು ಎಷ್ಟು ಸಲ ಫೋನ್ ಮಾಡಿದರೂ ಎತ್ತಿರಲಿಲ್ಲ. ಮೂರಕ್ಕೆ ವ್ಯಾನು ಬಂತು. ನೂರಾ ಹತ್ತು ಕಡ್ಡಿ ಹೋದವು. ಹೊಸ ಡಬ್ಬಿಗಳು ಹಾಗೇ ಉಳಿದವು.

ಮಾರನೆಯ ಬೆಳಿಗ್ಗೆ ಕಂಟ್ರಾಕ್ಟರನ ಫೋನು ಬಂತು. ಕಾಲಿನ ಹುಣ್ಣು ಒರೆಸುವ ಹತ್ತಿ ಕೈಯಲ್ಲಿ ಇದ್ದುದರಿಂದ ಇವಳು ಸ್ಪೀಕರ್ ಹಾಕಿ ನೆಲದ ಮೇಲಿಟ್ಟಳು.

"ಏನಕ್ಕಾ, ಮುನ್ನೂರು ಅಂದ್ಬುಟ್ಟು ಇಷ್ಟು ಕಳ್ಸಿದ್ರೆ ನಾನ್ ಯಾರ್ ಮಖ ನೋಡ್ಲಿ? ಗಂಡಿನ ಕಡೆಯೋರು ತಿಂದ್ಕಂಡ್ ಓದ್ರು, ಎಣ್ಣಿನ ಕಡೆ ಮಕ್ಕಳು ಖಾಲಿ ತಟ್ಟೆ ಮುಂದೆ ನಿಂತಿದ್ವು. ಎಣ್ಣಿನ ತಂದೆ ನನ್ನ ಎಲ್ರ ಮುಂದೆ ಬೈದ್ರು. ಏನಾಯ್ತು?"

ಅವಳು ನನ್ನ ಕಡೆ ನೋಡಿದಳು. ನಾನು ಎರಡು ಮಾರು ದೂರದಲ್ಲಿ, ಗೋಡೆಗೆ ಒರಗಿ ಕೂತಿದ್ದೆ. ಅವಳು ನೋಡುತ್ತಲೇ ಇದ್ದಳು. ನಾನು ಕಿಟಕಿಯ ಕಡೆ ತಿರುಗಿದೆ.

"ನನ್ ಕೈಯಿಂದ್ಲೇ ತಪ್ಪಾಯ್ತು ಸಾ. ನೀರು ಬಿದ್ದೋಯ್ತು" ಎಂದಳು.

"ಗೊತ್ತಿಲ್ದಿರೋ ಕೆಲ್ಸ ಒಪ್ಕೋಬಾರ್ದು ಕಣಕ್ಕಾ" ಎಂದು ಅವನು ಫೋನ್ ಇಟ್ಟ.

ಆ ವಾರ ಟೀ ಅಂಗಡಿಯಲ್ಲಿ ಹಳೆಯ ಆಲೆಮನೆಯ ಗೆಳೆಯನೊಬ್ಬ ಎಲ್ಲರಿಗೂ ಕೇಳುವಂತೆ ಹೇಳಿದ: "ಏನ್ಲಾ, ನಿನ್ನ ಎಂಡ್ರು ಚಾಕಲೇಟು ಕಲ್ಲಾಗೋಯ್ತಂತಲ್ಲ? ಮನೇಲಿ ಇಂಥಾ ಪಾಕದೋನು ಇಟ್ಕಂಡು? ಒಸಿ ಏಳ್ಕೊಡಬಾರ್ದಾಗಿತ್ತಾ?"

ಎಲ್ಲರೂ ನಕ್ಕರು. ನಾನೂ ನಕ್ಕೆ. "ಎಂಗಸ್ರ ಅಡುಗೆಮನೆ ಇಸ್ಯ, ನಂಗೇನ್ ಗೊತ್ತು?" ಎಂದೆ. ಆ ಮಾತು ಇವಳ ಕಿವಿಗೂ ಬಿದ್ದಿರಬೇಕು. ಬೀದಿ ಅಷ್ಟು ದೊಡ್ಡದಲ್ಲ. ಬೀದಿಯ ಆರ್ಡರುಗಳೂ ನಿಂತವು.

ಅವಳು ಮತ್ತೆ ಬೆಲ್ಟಿನ ಮುಂದೆ ನಿಂತಳು. ಮಳೆಗಾಲ ಮುಗಿಯುವ ಹೊತ್ತಿಗೆ ಹುಣ್ಣು ಅಂಗೈಯಷ್ಟಾಯಿತು. ಒಂದು ಸಂಜೆ ಬಸ್ಸಿಳಿದು ಬಂದವಳು ಹೊಸ್ತಿಲು ದಾಟಲಾರದೆ ಅಲ್ಲೇ ಕೂತಳು. ಚಪ್ಪಲಿಯಲ್ಲಿ ರಕ್ತ ಇಂಗಿತ್ತು. ಮಾರನೆಯ ಬೆಳಿಗ್ಗೆ ಅವಳು ಕೆಲಸಕ್ಕೆ ಹೋದ ಮೇಲೆ ನಾನು ತಿ. ನರಸೀಪುರದ ಬಸ್ಸು ಹತ್ತಿದೆ.

ಕಂಟ್ರಾಕ್ಟರ್ ತನ್ನ ಗೋಡೌನಿನ ಮುಂದೆ ಹಂಡೆಗಳನ್ನು ತೊಳೆಸುತ್ತಿದ್ದ. ನಿಂತಲ್ಲೇ ಹೇಳಿದೆ: ನೀರು ಹಾಕಿದವನು ನಾನು, ಅವಳು ಮನೆಯಲ್ಲೇ ಇರಲಿಲ್ಲ, ಅವಳ ಕೈಯಲ್ಲಿ ಏನೂ ತಪ್ಪಿಲ್ಲ. ನಾನು ಆಲೆಮನೆಯವನು ಎಂದೂ ಹೇಳಿದೆ. ಅವನು ಪೈಪು ಕೆಳಗೆ ಹಾಕಿ ನನ್ನನ್ನು ಅಡಿಯಿಂದ ಮುಡಿಗೆ ನೋಡಿದ.

"ಯಜಮಾನ್ರೇ, ಕಳ್ಸಿದ್ದಷ್ಟೂ ಚೆನ್ನಾಗೇ ಇತ್ತು. ಅದ್ಕೇ ನಂಗೆ ಅರ್ಥ ಆಗ್ಲಿಲ್ಲ. ಆವತ್ತು ಫೋನಲ್ಲಿ ಇದೊಂದ್ ಮಾತು ಏಳಿದ್ರೆ ಮುಂದಿನ್ ಮದುವೆ ಕೊಟ್ಟಿರ್ತಿದ್ದೆ. ನಮ್ಮಲ್ಲೂ ಸಾಂಬಾರ್ ಕೆಡ್ತದೆ, ಯಾರೋ ಒಬ್ರು ನಂದು ತಪ್ಪು ಅಂತಾರೆ, ಮುಗೀತು. ಈಗ ಮೈಸೂರಿನೋರ್ಗೆ ವರ್ಷಕ್ಕೇ ಒಪ್ಪಿಸ್ಬುಟ್ಟಿವ್ನಿ. ಏನ್ ಮಾಡ್ಲಿ ಏಳಿ?"

ಟೀ ಕುಡಿದು ಹೋಗಿ ಎಂದ. ಕುಡಿಯಲಿಲ್ಲ.

ಸಂಜೆ ಅವಳಿಗೆ ಎಲ್ಲ ಹೇಳಿದೆ. ಟೀ ಅಂಗಡಿಯಲ್ಲಿ ಆಡಿದ್ದನ್ನೂ ಹೇಳಿದೆ. ಅವಳು ಕಾಲನ್ನು ಮಣೆಯ ಮೇಲಿಟ್ಟು ಪಟ್ಟಿ ಬಿಚ್ಚುತ್ತಿದ್ದಳು.

"ಆವತ್ತು ಯಾಕೆ ನನ್ ಮೇಲ್ ಆಕ್ಕೊಂಡೆ ಗೊತ್ತಾ?" ಎಂದಳು. "ನಾನು ಅಂಗಂದ್ರೆ ನಿಮಗೆ ತಡೆಯಾಕಾಗದೆ ಫೋನ್ ಇಸ್ಕೊಂಡ್ ಏಳ್ತೀರಿ ಅಂದ್ಕಂಡಿದ್ದೆ. ಪಕ್ಕದಲ್ಲೇ ಇದ್ರಲ್ಲ."

ಪಟ್ಟಿ ನಾನು ಕಟ್ಟುತ್ತೇನೆ ಎಂದೆ. ಅವಳು ಪಟ್ಟಿಯನ್ನು ನನ್ನ ಕೈಗೆ ಕೊಟ್ಟಳು.

ಅಂದಿನಿಂದ ದಿನಾ ಬೆಳಿಗ್ಗೆ ಫ್ಯಾಕ್ಟರಿ ಬಸ್ಸಿಗೆ ಮುಂಚೆ ನಾನೇ ಕಟ್ಟುತ್ತೇನೆ. ದೇವರ ಫೋಟೋದ ಹಿಂದಿನ ಪತ್ರ ಅಲ್ಲೇ ಇದೆ, ಅಂಚು ಹಳದಿಯಾಗಿದೆ. ಗಾಯಕ್ಕೆ ನೀರು ಸೋಕಬಾರದು ಎಂದು ನರ್ಸಮ್ಮ ಹೇಳಿದ್ದಾರೆ. ಕೈ ತೊಳೆದು, ಹಳೇ ಪಂಚೆಯ ಬಟ್ಟೆಯಲ್ಲಿ ಬೆರಳ ಸಂದಿ ಬಿಡದೆ ಒರೆಸಿಕೊಂಡೇ ಬಂದು ಕೂರುತ್ತೇನೆ. ಆದರೂ ಅವಳು ಕಾಲು ಕೊಡುವ ಮೊದಲು ನನ್ನ ಬೆರಳನ್ನು ಒಂದು ಸಲ ಮುಟ್ಟಿ ನೋಡುತ್ತಾಳೆ.