ಬಿರಿಯಾನಿ ಇಲ್ಲದ ಸಭೆ

ಮೊನ್ನೆ ಟ್ರಂಕು ತೆಗೆದಾಗ ಒಂದು ಇಂಗ್ಲಿಷ್ ಕಾದಂಬರಿ ಸಿಕ್ಕಿತು. ರಟ್ಟಿನ ಮೇಲೆ ಮಾವಿನ ಸೊನೆ ಹತ್ತಿದ ನನ್ನ ಹೆಬ್ಬೆರಳಿನ ಗುರುತು, ಸುಟ್ಟ ಹಾಗೆ ಕಪ್ಪಗೆ. ಮೂಸಿದೆ. ಸೊನೆಯ ವಾಸನೆ ಇನ್ನೂ ಇದೆ ಅನ್ನಿಸಿತು... ಮೇಷ್ಟ್ರು ಬಂದು ಕೂತ ಹಾಗಾಯಿತು.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಶ್ರೀನಿವಾಸಪುರದಲ್ಲಿ ಮಾವಿನಹಣ್ಣು ತುಂಬುವ ಮರದ ಪೆಟ್ಟಿಗೆ ಮಾಡುತ್ತೇನೆ. ನಾನು ಹೊಡೆದ ಪೆಟ್ಟಿಗೆ ದೆಹಲಿಗೆ ಹೋದರೂ ಒಂದು ಮೊಳೆ ಅಲ್ಲಾಡುವುದಿಲ್ಲ. ಎದುರು ಮನೆಯಲ್ಲಿ ರಿಟೈರಾದ ಇಂಗ್ಲಿಷ್ ಮೇಷ್ಟ್ರು ಇದ್ದರು, ಕ್ರೈಸ್ತರು. ಸಂಜೆ ನನ್ನ ಶೆಡ್ಡಿಗೆ ಬಂದು, ಪೆಟ್ಟಿಗೆ ಬೋರಲು ಹಾಕಿ ಕೂತು, ತಾವು ಓದಿದ ಅಮೆರಿಕದ ಕಾದಂಬರಿಗಳ ಕಥೆ ಹೇಳುತ್ತಿದ್ದರು.

ಒಂದು ದಿನ ಈ ಕಾದಂಬರಿ ತಂದರು. ಅಲ್ಲಿನ ಒಂದು ಸಣ್ಣ ಊರು, ಬಲು ಮಡಿವಂತ ಜನ. "ಸಭೇಲಿ ಹಿರಿಯರೊಬ್ರು ಎದ್ದು ಇಂಥೋನಿಗೇ ಓಟ್ ಹಾಕಿ ಅಂದ್ರು. ಅರ್ಧ ಜನ ಎದ್ದು ಹೊರಗೆ ಹೋದ್ರು. ಅಪ್ಪ ಒಳಗೆ, ಮಗಳು ಹೊರಗೆ," ಎಂದರು.

"ಸಭೇಲಿ ಓಟ್ ಕೇಳ್ದೆ ಇನ್ನೇನ್ ಕೇಳ್ತಾರೆ ಸಾರ್? ಬಿರಿಯಾನಿ ಇರ್ಲಿಲ್ಲ ಅನ್ಸುತ್ತೆ, ಅದ್ಕೇ ಎದ್ದೋಗವ್ರೆ."

ಮೇಷ್ಟ್ರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. "ಲೋ, ನಮ್ಮಲ್ಲಿ ಸಭೆ ಅಂದ್ರೆ ಚರ್ಚು ಕಣಯ್ಯಾ!" ಆಮೇಲೆ ಕಣ್ಣೊರೆಸಿಕೊಂಡರು. "ಅದೇ ಕಥೆ ನೋಡು. ಯಾವ ಸಭೇಲಿ ಕೂತಿದೀವಿ ಅನ್ನೋದೇ ಆ ಊರೋರಿಗೆ ಮರ್ತೋಗಿತ್ತು."

ಆಮೇಲಿನ ಎಲೆಕ್ಷನ್ನಿನಲ್ಲಿ ಮೇಷ್ಟ್ರ ಚರ್ಚಿಗೇ ಓಟು ಕೇಳಲು ಒಬ್ಬ ಅಭ್ಯರ್ಥಿಯನ್ನು ಕರೆಸಿದರು. ಪ್ರತಿ ಭಾನುವಾರ ಅಲ್ಲಿ ಬೈಬಲ್ ಓದುತ್ತಿದ್ದವರು ಮೇಷ್ಟ್ರು. ಅದೇ ಅವರ ಜೀವ. ಇದಕ್ಕೆ ಎದುರು ಮಾತಾಡಿದರೆ ಬೈಬಲ್ ಓದುವ ಕೆಲಸ ತಪ್ಪುತ್ತದೆ ಎಂದು ಪಾಸ್ಟರ್ ಅಯ್ಯಗಾರು ಮೊದಲೇ ಹೇಳಿದ್ದರು. ಆದರೂ, ಅಭ್ಯರ್ಥಿ ಮಾತಾಡಲು ಎದ್ದಾಗ ಮೇಷ್ಟ್ರು ಮೈಕು ಬಿಡದೆ ಕೇಳಿದರಂತೆ:

"ಬಿರಿಯಾನಿ ಎಲ್ಲಿ ಅಯ್ಯಗಾರೂ?"

ನನ್ನ ಮಾತು! ಪೆಟ್ಟಿಗೆ ಶೆಡ್ಡಿನ ಮಾತು ಚರ್ಚಿನ ಮೈಕಿನಲ್ಲಿ... ನೆನೆದರೆ ಈಗಲೂ ಎದೆ ಉಬ್ಬುತ್ತದೆ. ಜನ ಗೊಳ್ಳೆಂದರು. ಅಭ್ಯರ್ಥಿ ಕೈಮುಗಿದು ಹೊರಟ. ಮೇಷ್ಟ್ರ ಓದುವ ಕೆಲಸವೂ ಹೋಯಿತು.

ಮರುವಾರ ಬೈಬಲ್ ಹಿಡಿದು ಶೆಡ್ಡಿಗೆ ಬಂದರು. "ಇಲ್ಲಿ ಓದ್ಲೇನಯ್ಯಾ?"

ಸುತ್ತಿಗೆ ಕೆಳಗಿಟ್ಟೆ. "ಓದಿ ಸಾರ್. ಇದೂ ಸಭೇನೇ."

ಕೈಲಾಗುವವರೆಗೂ ಓದಿದರು. ಕೊನೆಗೆ ಈ ಕಾದಂಬರಿಯನ್ನು ನನ್ನ ಕೈಗಿಟ್ಟು, "ಇಟ್ಕೋ. ಇದ್ರಲ್ಲಿ ನಿನ್ನ ಬಿರಿಯಾನಿ ಒಂದೇ ಕಮ್ಮಿ," ಎಂದರು.

ನಿನ್ನೆ ಓಟು ಕೇಳುವವರು ಶೆಡ್ಡಿಗೆ ಬಂದಿದ್ದರು. "ಬಿರಿಯಾನಿ ಎಲ್ಲಪ್ಪಾ?" ಎಂದೆ. ಎಲ್ಲರೂ ನಕ್ಕರು. ಬೋರಲು ಹಾಕಿದ ಪೆಟ್ಟಿಗೆಯ ಕಡೆ ನೋಡಿದೆ. ಯಾಕೆ ಕೇಳಿದೆ ಎಂದು ತಿಳಿದು ನಗುವವರು ಅಲ್ಲಿರಲಿಲ್ಲ...